ಕೊರಳಿನ ಚಕ್ರಕ್ಕೆ ಕಿವಿಯೇ ಬಾಗಿಲು

ಬಳ್ಳಾರಿಯಲ್ಲಿ ಈಚಿನ ವರ್ಷಗಳಲ್ಲಿ ಚಕ್ರಗಳ, ಅಂದರೆ ಯೋಗಿಗಳು ದೇಹದೊಳಗೆ ಕಂಡ ನೆಲೆಗಳ, ಮಾತು ಮಠದ ಅಂಗಳವನ್ನು ದಾಟಿ ಬಹಳ ದೂರ ಬಂದಿದೆ. ಯೋಗ ತರಗತಿಯ ಗೋಡೆಯ ಮೇಲೆ, ಮೊಬೈಲಿಗೆ ಬೆಳಗಿನ ಶುಭಾಶಯದೊಡನೆ ಬರುವ ಚಿತ್ರಗಳಲ್ಲಿ, ಬಣ್ಣದ ಕಲ್ಲುಗಳ ಸರ ಮಾರುವ ಅಂಗಡಿಯ ಗಾಜಿನ ಹಿಂದೆ, ಎಲ್ಲೆಲ್ಲೂ ಅದೇ ಪಟ ಕಾಣುತ್ತದೆ: ಪದ್ಮಾಸನದಲ್ಲಿ ಕುಳಿತ ಮುಖವಿಲ್ಲದ ಒಂದು ಆಕೃತಿ, ಬೆನ್ನುಮೂಳೆಯ ಉದ್ದಕ್ಕೂ ಕೆಂಪಿನಿಂದ ನೇರಳೆಯವರೆಗೆ ಏಳು ಬಣ್ಣದ ಏಳು ವೃತ್ತಗಳು. ಪಟದ ಜೊತೆಗೆ ಒಂದು ಮಾತೂ ಬಂದಿದೆ. 'ನಿಮ್ಮ ಚಕ್ರ ಬ್ಲಾಕ್ ಆಗಿದೆ' ಎಂಬುದು ಆ ಮಾತು. ದುಡ್ಡು ನಿಲ್ಲದವರಿಗೆ ಮೂಲಾಧಾರ, ಧೈರ್ಯವಿಲ್ಲದವರಿಗೆ ಮಣಿಪೂರಕ, ಮದುವೆ ಮುರಿದವರಿಗೆ ಅನಾಹತ, ಹೀಗೆ ಪ್ರತಿಯೊಂದು ಸಂಕಟಕ್ಕೂ ಒಂದು ಚಕ್ರವನ್ನು ಹಚ್ಚಿ, ಅದು ಕೆಟ್ಟಿದೆ ಎಂದು ಹೇಳಿ, ತೆರೆದುಕೊಡುವ ಭರವಸೆ ನೀಡುತ್ತಾರೆ. ಈ ಮಾತು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಚಕ್ರಗಳನ್ನು ನಂಬದವನು ನಾನಲ್ಲ. ಆರು ಚಕ್ರಗಳ ಹೆಸರನ್ನು ಪಾಠಪುಸ್ತಕಕ್ಕಿಂತ ಮೊದಲೇ ಭಜನೆಯ ಪದಗಳಲ್ಲಿ ಕೇಳಿದವನು. ಆದರೆ ನಾನು ಕೇಳಿದ ಆ ಪದಗಳಲ್ಲಿ ಚಕ್ರವೆಂಬುದು ಒಬ್ಬರ ದೇಹದಲ್ಲಿ ಕೊರತೆ ಹುಡುಕುವ ಜಾಗವಾಗಿರಲಿಲ್ಲ.

ಈ ಕಾಡುವಿಕೆ ತೀವ್ರವಾದದ್ದು ನಮ್ಮ ಓಣಿಯ ಅಕ್ಕನೊಬ್ಬರ ಕಾರಣದಿಂದ. ಅವರಿಗೆ ಥೈರಾಯ್ಡ್ ತೊಂದರೆಯಿದೆ. ಗ್ರಂಥಿ ಸ್ರವಿಸಬೇಕಾದಷ್ಟು ಹಾರ್ಮೋನನ್ನು ಸ್ರವಿಸುವುದಿಲ್ಲ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಬೇಕು. ಯಾರೋ ಕರೆದರೆಂದು ಅವರು ಒಂದು ಶಿಬಿರಕ್ಕೆ ಹೋಗಿಬಂದರು. ಒಂದು ಸಂಜೆ ಶಿಬಿರದ ನೋಟ್‌ಬುಕ್ಕನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದು, ಪಡಸಾಲೆಯಲ್ಲಿ ಕುಳಿತು, ನೀಲಿ ಬಣ್ಣ ತುಂಬಿದ ಒಂದು ವೃತ್ತವನ್ನು ತೋರಿಸಿದರು. ಅದರ ಕೆಳಗೆ ಅವರದೇ ಕೈಬರಹದಲ್ಲಿ, ಕೊರಳಿನ ವಿಶುದ್ಧಿ ಚಕ್ರ ಮುಚ್ಚಿರುವುದರಿಂದ ಥೈರಾಯ್ಡ್ ಬರುತ್ತದೆ, ಮನಸ್ಸಿನ ಮಾತನ್ನು ಆಡದೆ ಅದುಮಿಟ್ಟವರಲ್ಲಿ ಈ ಚಕ್ರ ಮುಚ್ಚುತ್ತದೆ ಎಂಬ ಅರ್ಥದ ಸಾಲುಗಳಿದ್ದವು. 'ಮನಸ್ನಾಗ ಇಟ್ಕಂಡು ಕುಂತಿದ್ದಕ್ಕೇ ನನಿಗೆ ಹಿಂಗ ಆಗೇತಂತೆ. ಖರೇನಾ?' ಎಂದು ಕೇಳಿದರು. ಕೇಳುವಾಗ ಅವರ ಕೈ ತಾನಾಗಿ ಕೊರಳನ್ನು ಮುಟ್ಟಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅತ್ತೆ, ಗಂಡ, ಮೈದುನರ ನಡುವೆ ಬಾಯಿ ಬಿಡದೆ ದುಡಿದ ಹೆಂಗಸು ಅವರು. ಅಷ್ಟು ವರ್ಷ ಮಾತನಾಡಲು ಬಿಡದ ಮನೆಯ ತಪ್ಪೆಲ್ಲ ಆ ಸಂಜೆ ಅವರ ಕೊರಳಿನ ತಪ್ಪಾಗಿ ಬದಲಾಗಿತ್ತು. ಮಾತ್ರೆಯನ್ನು ಕೆಲವು ವಾರಗಳಿಂದ ಬಿಟ್ಟಿರುವುದಾಗಿಯೂ ಹೇಳಿದರು. ಮರುದಿನವೇ ವೈದ್ಯರ ಬಳಿ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಂಡು, ಮಾತ್ರೆಯನ್ನು ಮತ್ತೆ ಶುರುಮಾಡಿದರೆಂಬುದು ಸಮಾಧಾನದ ಸಂಗತಿ. ಆದರೆ ಅವರ ಪ್ರಶ್ನೆಗೆ ರಕ್ತಪರೀಕ್ಷೆ ಪೂರ್ತಿ ಉತ್ತರವಾಗಲಿಲ್ಲ. ಆ ಉತ್ತರವನ್ನು ನಾನು ಇಲ್ಲಿ ಬರೆಯಲು ಪ್ರಯತ್ನಿಸುತ್ತಿದ್ದೇನೆ.

ಬಣ್ಣದ ಪಟದ ವಯಸ್ಸು

ಅಕ್ಕನ ನೋಟ್‌ಬುಕ್ಕಿನಲ್ಲಿದ್ದ ಚಕ್ರವಿದ್ಯೆಯನ್ನು ಅಲ್ಲಿ ಐದು ಸಾವಿರ ವರ್ಷದ್ದೆಂದು ಹೇಳಿಕೊಟ್ಟಿದ್ದರು. ನಾಡಿಗಳ, ಅಂದರೆ ದೇಹದೊಳಗೆ ಪ್ರಾಣ ಹರಿಯುವ ದಾರಿಗಳ, ಮಾತು ನಿಜಕ್ಕೂ ಹಳೆಯದು. ಬೃಹದಾರಣ್ಯಕ ಉಪನಿಷತ್ತು ಹೃದಯದಿಂದ ಹೊರಡುವ 72,000 ನಾಡಿಗಳನ್ನು ಹೇಳುತ್ತದೆ. ಕಠೋಪನಿಷತ್ತು ಹೃದಯದ 101 ನಾಡಿಗಳಲ್ಲಿ ಒಂದು ಮಾತ್ರ ನೆತ್ತಿಯ ಕಡೆಗೆ ಏರುತ್ತದೆ, ಅದರ ಮೂಲಕ ಹೋದವನು ಅಮೃತತ್ವವನ್ನು ಪಡೆಯುತ್ತಾನೆ ಎನ್ನುತ್ತದೆ. ಆದರೆ ಬೆನ್ನುಮೂಳೆಯ ಉದ್ದಕ್ಕೂ ಪೋಣಿಸಿದ ಆರು ಚಕ್ರಗಳು ಈಗ ನಮಗೆ ಪರಿಚಿತವಿರುವ ಕ್ರಮದಲ್ಲಿ ಕಾಣಿಸಿಕೊಳ್ಳುವುದು ಬಹಳ ತಡವಾಗಿ, ಕುಬ್ಜಿಕಾ ದೇವಿಯನ್ನು ಆರಾಧಿಸುವ ಶಾಕ್ತ ತಂತ್ರಗಳಲ್ಲಿ, ಸುಮಾರು 10ನೇ ಶತಮಾನದ ಹೊತ್ತಿಗೆ. ಇಂದು ಜಗತ್ತಿಗೆಲ್ಲ ಗೊತ್ತಿರುವ ವರ್ಣನೆ ಬಂಗಾಳದ ಪೂರ್ಣಾನಂದರು 1577ರಲ್ಲಿ ಬರೆದ ಷಟ್ಚಕ್ರನಿರೂಪಣದ್ದು. ಕಲ್ಕತ್ತೆಯ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಜಾನ್ ವುಡ್ರೋಫ್ 1919ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಅದು ಸಮುದ್ರ ದಾಟಿತು. 1927ರಲ್ಲಿ ಥಿಯಾಸಫಿ ಎಂಬ ಅಧ್ಯಾತ್ಮ ಪಂಥದ ಲೆಡ್‌ಬೀಟರ್ ತಮ್ಮ ದಿವ್ಯದೃಷ್ಟಿಗೆ ಕಂಡದ್ದೆಂದು ಏಳು ಚಕ್ರಗಳನ್ನು ಬಣ್ಣದಲ್ಲಿ ಚಿತ್ರಿಸಿದರು. ಆ ಏಳರಲ್ಲಿ ಕೆಳಗಿನಿಂದ ಎರಡನೆಯದಾದ ಸ್ವಾಧಿಷ್ಠಾನವಿಲ್ಲ. ಅದರ ಬದಲಿಗೆ ಗುಲ್ಮದ (ಸ್ಪ್ಲೀನ್) ಮೇಲೆ ಒಂದು ಚಕ್ರವಿದೆ. ಕಾಮನಬಿಲ್ಲಿನ ಕ್ರಮದಲ್ಲಿ ಕೆಂಪಿನಿಂದ ನೇರಳೆಗೆ ಏರುವ ಪಟ 1970ರ ದಶಕದಲ್ಲಿ ಪಶ್ಚಿಮದಲ್ಲಿ ಹರಡಿದ್ದು. ಒಂದೊಂದು ಚಕ್ರಕ್ಕೆ ಒಂದೊಂದು ಅಂತಃಸ್ರಾವ ಗ್ರಂಥಿಯನ್ನು, ಅಂದರೆ ಕೊರಳಿನದಕ್ಕೆ ಥೈರಾಯ್ಡನ್ನು, ಹೊಂದಿಸಿದ್ದೂ ಕಳೆದ ಶತಮಾನದ ಥಿಯಾಸಫಿ ಹಿನ್ನೆಲೆಯ ಬರಹಗಾರರೇ.

ಹೊಸದಾದುದೆಲ್ಲ ಸುಳ್ಳೆಂದು ಇದರಿಂದ ಸಾಧಿಸಬೇಕಾಗಿಲ್ಲ. ಹಳೆಯದನ್ನು ಒಮ್ಮೆ ಕಣ್ಣೆದುರು ಇಟ್ಟುಕೊಳ್ಳಬೇಕೆಂಬುದಷ್ಟೇ ನನ್ನ ಆಸೆ. ಪೂರ್ಣಾನಂದರ ಮಣಿಪೂರಕ ಹಳದಿಯಲ್ಲ; ಮಳೆಮೋಡದ ಬಣ್ಣದ 10 ದಳಗಳು, ಅವುಗಳ ನಡುವೆ ಉದಯಸೂರ್ಯನಂತೆ ಕೆಂಪಾದ ಅಗ್ನಿಯ ತ್ರಿಕೋಣ. ಅನಾಹತ ಹಸಿರಲ್ಲ, ಬಂಧೂಕ ಹೂವಿನ ಕೆಂಪಿನ 12 ದಳಗಳು, ನಡುವೆ ಹೊಗೆಬಣ್ಣದ ವಾಯುಮಂಡಲ. ನಾಲ್ಕು, ಆರು, ಹತ್ತು, ಹನ್ನೆರಡು, ಹದಿನಾರು, ಎರಡು ಎಂದು ಆರು ಚಕ್ರಗಳ ದಳಗಳನ್ನು ಕೂಡಿದರೆ 50 ಆಗುತ್ತದೆ. 50 ದಳಗಳ ಮೇಲೆ ವರ್ಣಮಾಲೆಯ 50 ಅಕ್ಷರಗಳು. ಕೊರಳಿನ ವಿಶುದ್ಧಿಯ 16 ದಳಗಳಲ್ಲಿ 16 ಸ್ವರಗಳಿವೆ. ಸ್ವರದ ನೆರವಿಲ್ಲದೆ ಯಾವ ವ್ಯಂಜನವೂ ನುಡಿಯಲಾರದು; ಆ ಸ್ವರಗಳನ್ನು ಕೊರಳಿನಲ್ಲಿಟ್ಟ ಮನಸ್ಸು ದೇಹವನ್ನು ಎಷ್ಟು ಗೌರವದಿಂದ ನೋಡಿರಬೇಕೆಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಇಷ್ಟೆಲ್ಲ ವಿವರ ಹೇಳುವ ಆ ಗ್ರಂಥ ಯಾರೊಬ್ಬರಿಗೂ ನಿನ್ನ ಚಕ್ರ ಕೆಟ್ಟಿದೆ ಎಂದು ಹೇಳುವುದಿಲ್ಲ. ಅದರ ಪ್ರಕಾರ ಮೂಲಾಧಾರದಲ್ಲಿ ಕುಂಡಲಿನಿ ಎಂಬ ಶಕ್ತಿ ಮಲಗಿರುವುದು ಎಲ್ಲ ಮನುಷ್ಯರ ಸಹಜ ಸ್ಥಿತಿ. ಅದು ರೋಗವಲ್ಲ, ಯಾರ ತಪ್ಪೂ ಅಲ್ಲ.

ಕುಕನೂರಿನ ಆಚೆ, ಒಂದು ಅಮಾವಾಸ್ಯೆ

ಕೊಪ್ಪಳ ಜಿಲ್ಲೆಯ ಕುಕನೂರಿನ ಆಚೆಗೆ ನನ್ನ ಅವ್ವನ ತವರೂರು. ಅಲ್ಲಿಯ ಬಸವಣ್ಣನ ಗುಡಿಯಲ್ಲಿ ಅಮಾವಾಸ್ಯೆಗೊಮ್ಮೆ ರಾತ್ರಿ ಭಜನೆ ನಡೆಯುತ್ತಿತ್ತು. ಏಕತಾರಿ, ದಮ್ಮಡಿ, ತಾಳ, ಹಳೆಯದೊಂದು ಹಾರ್ಮೋನಿಯಂ. ಹಾಡುವವರು ಹಗಲೆಲ್ಲ ಜೋಳದ ಹೊಲದಲ್ಲಿ ದುಡಿದು ಬಂದವರು. ಮುಂದಾಳಾಗಿ ಹಾಡುತ್ತಿದ್ದ ಅಜ್ಜನಿಗೆ ಓದು ಬರಹ ಅಷ್ಟಕ್ಕಷ್ಟೆ, ಆದರೆ ತತ್ತ್ವಪದಗಳು ಅವರಿಗೆ ರಾತ್ರಿಯಿಡೀ ಹಾಡಿದರೂ ಮುಗಿಯದಷ್ಟು ಬಾಯಿಗೆ ಬರುತ್ತಿದ್ದವು. ಆಗ ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದೆ. ಆರು ನೆಲೆಗಳನ್ನು ಒಂದೊಂದಾಗಿ ಏರುವ ಪದವೊಂದು ಮುಗಿದು, ಎಲ್ಲರೂ ಚಹಾ ಕುಡಿಯುತ್ತಿದ್ದಾಗ, ನನಗೆ ತಡೆಯಲಾಗದೆ ಕೇಳಿದೆ: 'ಅಜ್ಜಾ, ಈ ಚಕ್ರ ಖರೇನ ಮೈಯಾಗ ಅದಾವೇನು? ನಮ್ಮ ಪುಸ್ತಕದಾಗ ಎಲ್ಲಾ ನರ, ಎಲುವು ಬರದಾರ, ಚಕ್ರ ಒಂದೂ ಇಲ್ಲ.'

ಅಜ್ಜ ಸಿಟ್ಟಾಗಲಿಲ್ಲ. ಲೋಟವನ್ನು ಕೆಳಗಿಟ್ಟು ನನ್ನನ್ನೇ ಕೇಳಿದರು: 'ತಮ್ಮಾ, ಈ ಗುಡಿ ಕಟ್ಟೂದಕ್ಕ ಮೊದಲು ಇಲ್ಲಿ ಏನಿತ್ತು?' ನೆಲ ಇತ್ತು ಎಂದೆ. 'ಆ ನೆಲ ಅಗದು ನೋಡಿದ್ರ ಬಸವಣ್ಣ ಸಿಗತಿದ್ನೇನು?' ಇಲ್ಲ ಎಂದೆ. 'ಈಗ ಅದಾನಿಲ್ಲೋ?' ಎಂದರು. ನಾನು ಸುಮ್ಮನಿದ್ದೆ. 'ಇಟ್ಟರ ಇರತಾನ, ದಿನಾ ಪೂಜಿ ಮಾಡಿದ್ರ ಇರತಾನ. ಮೈಯೂ ಹಂಗ' ಎಂದು ಹೇಳಿ, ಬೆರಳಿನಿಂದ ತಮ್ಮ ದೇಹವನ್ನೇ ತೋರಿಸುತ್ತ ಆರೂ ನೆಲೆಗಳನ್ನು ಬಿಡಿಸಿದರು. ಆಧಾರದಲ್ಲಿ ಆಚಾರಲಿಂಗ, ಅದರ ಬಾಗಿಲು ಮೂಗು. ಸ್ವಾಧಿಷ್ಠಾನದಲ್ಲಿ ಗುರುಲಿಂಗ, ಬಾಗಿಲು ನಾಲಿಗೆ. ಮಣಿಪೂರಕದಲ್ಲಿ ಶಿವಲಿಂಗ, ಕಣ್ಣು. ಅನಾಹತದಲ್ಲಿ ಜಂಗಮಲಿಂಗ, ತ್ವಕ್ಕು, ಅಂದರೆ ಮುಟ್ಟುವ ಚರ್ಮ. ವಿಶುದ್ಧಿಯಲ್ಲಿ ಪ್ರಸಾದಲಿಂಗ, ಕಿವಿ. ಆಜ್ಞೆಯಲ್ಲಿ ಮಹಾಲಿಂಗ, ಅದಕ್ಕೆ ಹೃದಯ. ಮೂಗಿಗೆ ಬಂದ ಗಂಧ, ನಾಲಿಗೆಗೆ ಬಂದ ರುಚಿ, ಕಣ್ಣಿಗೆ ಬಿದ್ದ ರೂಪ, ಮೈಗೆ ತಾಕಿದ ಸ್ಪರ್ಶ, ಕಿವಿಗೆ ಬಿದ್ದ ಶಬ್ದ, ಮನಸ್ಸಿಗಾದ ತೃಪ್ತಿ, ಇವೆಲ್ಲವನ್ನೂ ಮೊದಲು ಆಯಾ ನೆಲೆಯ ಲಿಂಗಕ್ಕೆ ಅರ್ಪಿಸಬೇಕು, ಆಮೇಲೆ ಪ್ರಸಾದವಾಗಿ ತಾನು ಸ್ವೀಕರಿಸಬೇಕು. ಕೊರಳಿನ ನೆಲೆಗೆ ಬಂದಾಗ ಅವರು ಹೇಳಿದ ಮಾತು ಇಂದಿಗೂ ನನ್ನ ನೆನಪಿನಲ್ಲಿ ಹಾಗೆಯೇ ಇದೆ: 'ಕೊಳ್ಳಾಗಿನ ಲಿಂಗಕ್ಕ ಕಿವೀಲೆ ಉಣಸಬೇಕು.'

ಅಜ್ಜ ಹೇಳಿದ್ದು ಅವರ ಸ್ವಂತ ಕಲ್ಪನೆಯಲ್ಲ. ಚನ್ನಬಸವಣ್ಣನವರ ಹೆಸರಿನಲ್ಲಿರುವ ಕರಣಹಸಿಗೆ ಎಂಬ ಗ್ರಂಥದಿಂದ ಮೊದಲುಗೊಂಡು ಶರಣರ ಷಟ್‌ಸ್ಥಲದ ಪರಂಪರೆಯುದ್ದಕ್ಕೂ ಈ ಹೊಂದಿಕೆ ಬೆಳೆದುಬಂದಿದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳೂ, ಪೃಥ್ವಿಯಿಂದ ಆತ್ಮದವರೆಗಿನ ಆರು ತತ್ತ್ವಗಳೂ, ನ, ಮ, ಶಿ, ವಾ, ಯ, ಓಂ ಎಂಬ ಆರು ಅಕ್ಷರಗಳೂ ಇದೇ ಆರು ಚಕ್ರಗಳ ಮೇಲೆ ನೆಲೆಗೊಂಡಿವೆ. ಅರ್ಪಿಸಲು ಕೈಗಳೂ ಬೇಕಲ್ಲವೇ? ಸುಚಿತ್ತ, ಸುಬುದ್ಧಿ, ನಿರಹಂಕಾರ, ಸುಮನ, ಸುಜ್ಞಾನ, ಸದ್ಭಾವ ಎಂಬ ಆರನ್ನು ಕೈಗಳೆಂದೇ ಕರೆದಿದ್ದಾರೆ. ಕೊರಳಿನ ಪ್ರಸಾದಲಿಂಗಕ್ಕೆ ಶಬ್ದವನ್ನು ಅರ್ಪಿಸುವ ಕೈ ಸುಜ್ಞಾನ. ಹಾಗೆಂದರೆ ಕೇಳಿದ್ದನ್ನು ತಿಳಿವಿನಿಂದ ಎತ್ತಿಕೊಂಡು, ಅದು ದೇವರಿಗೆ ಸಲ್ಲುವಂಥದ್ದೇ ಎಂದು ನೋಡಿ, ಆಮೇಲೆ ಒಳಗೆ ಬಿಟ್ಟುಕೊಳ್ಳುವುದು. ಚಾಡಿಯನ್ನು, ಹೀಯಾಳಿಕೆಯನ್ನು, ಸುಳ್ಳನ್ನು ಲಿಂಗಕ್ಕೆ ಅರ್ಪಿಸಲಾಗದು. ಆದ್ದರಿಂದ ಅವನ್ನು ತಾನೂ ಉಣ್ಣಲಾಗದು.

ಈ ಕ್ರಮದಲ್ಲಿ ಚಕ್ರವೆಂದರೆ ಕೊಡುವ ಜಾಗ. ಇಂದಿನ ಶಿಬಿರಗಳ ಕ್ರಮದಲ್ಲಿ ಅದು ಕೊರತೆಯನ್ನು ಅಳೆಯುವ ಜಾಗವಾಗಿದೆ. ನನ್ನನ್ನು ಕಾಡುತ್ತಿದ್ದ ಅಂತರ ಇದೇ ಎಂಬುದು ಅಕ್ಕ ನೋಟ್‌ಬುಕ್ ತೋರಿಸಿದ ಸಂಜೆ ನನಗೆ ಸ್ಪಷ್ಟವಾಯಿತು.

ಎಷ್ಟು ಚಕ್ರ, ಎಲ್ಲಿ?

ಆರೇ, ಏಳೇ, ಒಂಬತ್ತೇ ಎಂದು ಜನ ವಾದಿಸುವುದುಂಟು. ಬೌದ್ಧರ ಹೇವಜ್ರತಂತ್ರ ಹೊಕ್ಕುಳು, ಎದೆ, ಕೊರಳು, ನೆತ್ತಿ ಎಂದು ನಾಲ್ಕನ್ನೇ ಹೇಳುತ್ತದೆ. ಗೋರಖನಾಥರ ಹೆಸರಿನ ಸಿದ್ಧಸಿದ್ಧಾಂತಪದ್ಧತಿ ಒಂಬತ್ತನ್ನು ಹೇಳುತ್ತದೆ. ನಮ್ಮ ಷಟ್‌ಸ್ಥಲದವರೂ ಆರರ ಮೇಲೆ ಬ್ರಹ್ಮರಂಧ್ರ, ಶಿಖೆ, ಪಶ್ಚಿಮ ಎಂಬ ಮೂರನ್ನು ಸೇರಿಸಿ ಒಂಬತ್ತು ಮಾಡುತ್ತಾರೆ. ಚಕ್ರವನ್ನು ಯಕೃತ್ತು, ಮೂತ್ರಪಿಂಡಗಳಂತೆ ಒಂದು ಅಂಗವೆಂದು ತಿಳಿದರೆ ಈ ಲೆಕ್ಕಗಳು ಪರಸ್ಪರ ಜಗಳಕ್ಕೆ ನಿಲ್ಲುತ್ತವೆ. ಆರ್ಯ ಸಮಾಜವನ್ನು ಸ್ಥಾಪಿಸಿದ ಸ್ವಾಮಿ ದಯಾನಂದ ಸರಸ್ವತಿಯವರಿಗೆ ಆದದ್ದು ಅದೇ. ಯೌವನದಲ್ಲಿ ಗಂಗೆಯಲ್ಲಿ ತೇಲಿಬಂದ ಒಂದು ಶವವನ್ನು ದಡಕ್ಕೆ ಎಳೆದು, ಕತ್ತಿಯಿಂದ ಸೀಳಿ, ಪುಸ್ತಕದ ವರ್ಣನೆಗೂ ದೇಹಕ್ಕೂ ತಾಳೆ ನೋಡಿದರು, ಚಕ್ರಗಳು ಸಿಗಲಿಲ್ಲ, ಪುಸ್ತಕವನ್ನು ಹರಿದು ಶವದ ಜೊತೆಗೇ ನದಿಗೆ ಬಿಟ್ಟರು. ಸತ್ಯಕ್ಕಾಗಿ ಅಷ್ಟು ದೂರ ಹೋದ ಅವರ ಪ್ರಾಮಾಣಿಕತೆ ದೊಡ್ಡದು. ಆದರೆ ಅವರು ಹುಡುಕಿದ್ದು ಸಾಧನೆ ನಿಂತುಹೋದ ದೇಹದಲ್ಲಿ. ಅಜ್ಜನ ಮಾತನ್ನು ಒಪ್ಪುವುದಾದರೆ ಆ ನೆಲೆಗಳು ಸಾಧನೆಯಿಂದ ಮಾತ್ರ ಉಂಟಾಗುವಂಥವು. ಬೇರೆ ಬೇರೆ ಸಾಧನೆಗಳಿಗೆ ಬೇರೆ ಬೇರೆ ಸಂಖ್ಯೆ ಬೇಕಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗೆ ನೋಡಿದರೆ ನಮ್ಮ ಸೀಮೆಯಲ್ಲಿ ದೇಹದ ಮೇಲೆ ದೇವರ ನೆಲೆಗಳನ್ನು ಇಡದ ಮನೆತನವೇ ವಿರಳ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು ಕೂರುವ ಮೊದಲು ಹಣೆ, ಕೊರಳು, ಎದೆ, ತೋಳುಗಳಿಗೆ ವಿಭೂತಿ ಹಚ್ಚುತ್ತಾರೆ. ರಾಯಚೂರು, ಮಾನ್ವಿ ಕಡೆಯ ಮಾಧ್ವರ ಮನೆಗಳಲ್ಲಿ ಗೋಪೀಚಂದನದ 12 ನಾಮಗಳನ್ನು ಕೇಶವಾದಿ 12 ಹೆಸರುಗಳೊಡನೆ ಮೈಮೇಲೆ ಇಟ್ಟುಕೊಳ್ಳುತ್ತಾರೆ. ಹಣೆಗೆ ಕೇಶವ, ಎದೆಗೆ ಮಾಧವ, ಕೊರಳಿಗೆ ಗೋವಿಂದ. ಅದೇ ಮಾನ್ವಿಯ ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ನಾಡಿಗಳಿಗೆ ಒಂದು ಸಂಧಿಯನ್ನೂ ಅಕ್ಷರಗಳಿಗೆ ಇನ್ನೊಂದು ಸಂಧಿಯನ್ನೂ ಮೀಸಲಿಟ್ಟು, ಇಡೀ ದೇಹವನ್ನು ಹರಿಯ ವಾಸಸ್ಥಾನವಾಗಿ ಕಂಡಿದ್ದಾರೆ. ನಕ್ಷಬಂದಿ ಪಂಥದ ಸೂಫಿಗಳಿಗೆ ಲತಾಯಿಫ್ ಎಂಬ ನೆಲೆಗಳಿವೆ: ಎದೆಯ ಎಡಕ್ಕೆ ಕಲ್ಬ್, ಬಲಕ್ಕೆ ರೂಹ್, ಹೀಗೆ, ಒಂದೊಂದರಲ್ಲೂ ಮನಸ್ಸನ್ನು ನಿಲ್ಲಿಸಿ ದೇವರ ಹೆಸರನ್ನು ಸ್ಮರಿಸುತ್ತಾರೆ. ಇವುಗಳೆಲ್ಲ ಒಂದೇ ಎಂದು ನಾನು ಹೇಳುವುದಿಲ್ಲ. ಪ್ರತಿಯೊಂದಕ್ಕೂ ತನ್ನದೇ ದೀಕ್ಷೆ, ತನ್ನದೇ ಶಿಸ್ತು ಇದೆ. ಆದರೆ ಇವುಗಳಲ್ಲಿ ಯಾವುದೂ ಕೊರಳನ್ನು ಮುಟ್ಟಿ, ಇಲ್ಲಿ ನಿನ್ನ ದೋಷವಿದೆ ಎನ್ನುವುದಿಲ್ಲ.

ಕೊಡುವ ಭಾವ ಎಷ್ಟು ಆಳವಾಗಿ ಹೋಗಿದೆಯೆಂದು ತಿಳಿಯಲು ಅಜಪಾಜಪದ ಲೆಕ್ಕವೊಂದೇ ಸಾಕು. ಮನುಷ್ಯ ಹಗಲು ರಾತ್ರಿ ಸೇರಿ 21,600 ಸಲ ಉಸಿರಾಡುತ್ತಾನೆಂದು ಯೋಗಿಗಳು ಎಣಿಸಿದರು. ನಿಮಿಷಕ್ಕೆ 15 ಉಸಿರು. ವಿಶ್ರಾಂತಿಯಲ್ಲಿರುವ ವಯಸ್ಕರ ಉಸಿರಾಟ ನಿಮಿಷಕ್ಕೆ 12ರಿಂದ 20 ಎಂದು ಇಂದಿನ ವೈದ್ಯರು ಹೇಳುವುದಕ್ಕೂ ಇದು ಹೊಂದುತ್ತದೆ. ಒಳಹೋಗುವ, ಹೊರಬರುವ ಪ್ರತಿ ಉಸಿರೂ ತಾನಾಗಿ ಹಂಸಮಂತ್ರವನ್ನು ಜಪಿಸುತ್ತಿರುತ್ತದೆ. ಬೆಳಗಿನ ಜಾವ ಎದ್ದವನು ಆ 21,600 ಉಸಿರುಗಳನ್ನು ಚಕ್ರಗಳಿಗೆ ಹಂಚುತ್ತಾನೆ: ಮೂಲಾಧಾರದ ಗಣಪತಿಗೆ 600, ಸ್ವಾಧಿಷ್ಠಾನದ ಬ್ರಹ್ಮನಿಗೆ, ಮಣಿಪೂರಕದ ವಿಷ್ಣುವಿಗೆ, ಅನಾಹತದ ರುದ್ರನಿಗೆ ತಲಾ 6,000, ವಿಶುದ್ಧಿಯ ಜೀವಾತ್ಮನಿಗೆ, ಆಜ್ಞೆಯ ಪರಮಾತ್ಮನಿಗೆ, ಆರರಾಚೆ ನೆತ್ತಿಯಲ್ಲಿರುವ ಸಹಸ್ರಾರದ ಗುರುವಿಗೆ ತಲಾ 1,000. ಅವನು ಸಿಟ್ಟಿನಲ್ಲಿ ಬಿಟ್ಟ ಉಸಿರು, ನಿದ್ದೆಯಲ್ಲಿ ಬಿಟ್ಟ ಉಸಿರು, ಅಳುತ್ತ ಬಿಟ್ಟ ಉಸಿರು, ಎಲ್ಲವೂ ಈ ಲೆಕ್ಕದೊಳಗೆ ಬರುತ್ತವೆ. ಒಳ್ಳೆಯ ಉಸಿರು, ಕೆಟ್ಟ ಉಸಿರು ಎಂಬ ವಿಂಗಡಣೆ ಅಲ್ಲಿಲ್ಲ. ಬದುಕಿರುವುದಷ್ಟೇ ಅರ್ಹತೆ.

ಅಕ್ಕನ ಪ್ರಶ್ನೆಗೆ

ಹಾಗಾದರೆ ಮನಸ್ಸಿನ ಸಂಕಟಕ್ಕೂ ದೇಹಕ್ಕೂ ಸಂಬಂಧವೇ ಇಲ್ಲವೇ? ಇದೆ. 2014ರಲ್ಲಿ ಫಿನ್ಲೆಂಡಿನ ಸಂಶೋಧಕರು ಫಿನ್ಲೆಂಡ್, ಸ್ವೀಡನ್, ತೈವಾನ್‌ಗಳ ಸುಮಾರು 700 ಜನರಿಗೆ ದೇಹದ ಖಾಲಿ ರೇಖಾಚಿತ್ರವನ್ನು ಕೊಟ್ಟು, ಒಂದೊಂದು ಭಾವ ಎಲ್ಲಿ ಏರುತ್ತದೆ, ಎಲ್ಲಿ ಕುಂದುತ್ತದೆ ಎಂದು ಬಣ್ಣ ಹಚ್ಚಲು ಹೇಳಿದರು. ಬೇರೆ ಬೇರೆ ಭಾಷೆ, ಸಂಸ್ಕೃತಿಗಳವರ ಚಿತ್ರಗಳೂ ಬಹುಮಟ್ಟಿಗೆ ಹೊಂದಿಕೊಂಡವು. ಭಾವಗಳು ಎದೆ, ಹೊಟ್ಟೆ, ತಲೆಗಳಲ್ಲಿ ಅನುಭವಕ್ಕೆ ಬರುತ್ತವೆಂಬುದು ಸಾಧಕರಿಗೂ ಗೊತ್ತಿದ್ದ ಸಂಗತಿ. ಅವರು ನೆಲೆಗಳನ್ನು ಸುಮ್ಮನೆ ಆರಿಸಿಕೊಂಡಿರಲಾರರು. ಆದರೆ ಎದೆಯಲ್ಲಿ ದುಃಖ ಅನುಭವವಾಗುತ್ತದೆ ಎಂಬ ಮಾತಿನಿಂದ, ಅದುಮಿಟ್ಟ ಮಾತು ಥೈರಾಯ್ಡ್ ಗ್ರಂಥಿಯನ್ನು ಕೆಡಿಸುತ್ತದೆ ಎಂಬ ಮಾತಿಗೆ ಹೋಗಲು ದಾರಿಯಿಲ್ಲ. ಥೈರಾಯ್ಡ್ ಕುಂದುವುದಕ್ಕೆ ದೇಹದ ರೋಗನಿರೋಧಕ ಶಕ್ತಿ ಆ ಗ್ರಂಥಿಯ ಮೇಲೆಯೇ ತಿರುಗಿಬೀಳುವುದು, ಅಯೋಡಿನ್ ಕೊರತೆ ಮುಂತಾದ ಕಾರಣಗಳಿವೆ. ಬಾಯಿ ತುಂಬ ಮಾತನಾಡುವವರಿಗೂ ಅದು ಬರುತ್ತದೆ.

ಇದನ್ನೆಲ್ಲ ಅಕ್ಕನಿಗೆ ಒಂದೇ ದಿನ ಹೇಳಲಿಲ್ಲ. ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಹೇಳಿದೆ. ಅವರಿಗೆ ಬಹಳ ಹಿಡಿಸಿದ್ದು ಅಜ್ಜನ ಮಾತೇ. ಆದರೆ ಒಂದು ಸಲ ಅವರು ನನ್ನನ್ನು ತಡೆದು, 'ಇಷ್ಟು ವರ್ಷ ಕೇಳಿಸ್ಕಂಡಿದ್ದು ಸಾಲದೇನು, ಇನ್ನೂ ಕೇಳಿಸ್ಕಬೇಕಾ?' ಎಂದರು. ಸರಿಯಾದ ಪ್ರಶ್ನೆ. ಕೊರಳಿನ ನೆಲೆಗೆ ಕಿವಿಯೇ ಬಾಗಿಲೆಂಬ ಮಾತನ್ನು ಹೆಂಗಸರನ್ನು ಸುಮ್ಮನಿರಿಸಲು ಬಳಸಿದರೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ನಾನು ಆ ಮಾತನ್ನು ಅರ್ಥಮಾಡಿಕೊಂಡಿರುವುದು ಬೇರೆ ರೀತಿಯಲ್ಲಿ. ಶಿಬಿರದಲ್ಲಿ ಅವರಿಗೆ ಹೇಳಿಕೊಟ್ಟದ್ದು, ನೀನು ಮಾತನಾಡು, ಚಕ್ರ ತೆರೆಯುತ್ತದೆ ಎಂದು. ಕೇಳುವವರೇ ಇಲ್ಲದ ಮನೆಯಲ್ಲಿ ಮಾತನಾಡುವ ಹೊಣೆಯನ್ನೂ ಅವರ ಮೇಲೆಯೇ ಹೊರಿಸಿದಂತಾಯಿತು ಅದು. ಷಟ್‌ಸ್ಥಲದ ಕ್ರಮ ಆ ಹೊಣೆಯನ್ನು ಕೇಳುವವರ ಮೇಲೆ ಹಾಕುತ್ತದೆ. ಲಿಂಗ ಕಟ್ಟಿಕೊಂಡ ಗಂಡನಿಗೆ, ದಿನವೂ ವಿಭೂತಿ ಹಚ್ಚುವ ಅತ್ತೆಗೆ ಅದು ಹೇಳುತ್ತದೆ: ಈ ಮನೆಯಲ್ಲಿ ದುಡಿಯುವ ಹೆಂಗಸಿನ ಮಾತು ನಿನ್ನ ಕಿವಿಗೆ ಬಂದ ಶಬ್ದ, ಅದನ್ನು ಸುಜ್ಞಾನದ ಕೈಯಲ್ಲಿ ಎತ್ತಿ ನಿನ್ನ ಕೊರಳಿನ ಪ್ರಸಾದಲಿಂಗಕ್ಕೆ ಅರ್ಪಿಸದೆ ತಳ್ಳಿಹಾಕಿದೆಯಾದರೆ, ಆ ದಿನದ ನಿನ್ನ ಪೂಜೆ ಅಷ್ಟರಮಟ್ಟಿಗೆ ಅಪೂರ್ಣ.

ಈ ಅರ್ಥವನ್ನು ಬಿಡಿಸಿ ಹೇಳಬಲ್ಲವರು ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಆದರೆ ಅವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ. ಅವರ ಬಳಿ ಹಾಡು ಕಲಿಯುವವರು ಸಿಗುತ್ತಾರೆ. ಹಾಡಿನ ನಡುವೆ ಅವರು ಕೊಡುವ ವಿವರಣೆಯನ್ನು ಬರೆದಿಟ್ಟುಕೊಳ್ಳುವವರು ಕಡಿಮೆ. ಅಮಾವಾಸ್ಯೆಯ ಅನುಭಾವಗೋಷ್ಠಿಗಳಲ್ಲಿ ಆರು ನೆಲೆಗಳನ್ನು ಒಂದೊಂದು ತಿಂಗಳಿಗೆ ಒಂದೊಂದರಂತೆ, ಸರಳವಾದ ನಮ್ಮ ಮಾತಿನಲ್ಲಿ, ಹೆಂಗಸರೂ ಹುಡುಗರೂ ಎದುರು ಕುಳಿತು ಪ್ರಶ್ನೆ ಕೇಳುವಂತೆ ನಡೆಸಿದರೆ, ಬಣ್ಣದ ಪಟದ ಮುಂದೆ ಕುಳಿತು ತಮ್ಮ ದೇಹವನ್ನು ತಾವೇ ಶಂಕಿಸುವವರಿಗೆ ಹೋಗಲು ಬೇರೊಂದು ಜಾಗವಿರುತ್ತದೆ. ನಮ್ಮ ಓಣಿಯ ಹತ್ತಿರದ ಮಠದಲ್ಲಿ ಇದನ್ನು ಕೇಳಿದ್ದೇವೆ, ಅವರು ಒಪ್ಪಿದ್ದಾರೆ. ಯಾವ ನೆಲೆಯಿಂದ ಶುರುಮಾಡಬೇಕೆಂಬ ಚರ್ಚೆಯಲ್ಲಿ ಹಿರಿಯರು ಕ್ರಮದಂತೆ ಆಧಾರದಿಂದ ಎಂದರು. ಅಕ್ಕ ಮಾತ್ರ ವಿಶುದ್ಧಿಯಿಂದಲೇ ಆಗಬೇಕೆಂದೂ, ಮನೆಯ ಗಂಡಸರೂ ಅತ್ತೆಯಂದಿರೂ ಆ ದಿನ ತಪ್ಪದೆ ಬರಬೇಕೆಂದೂ ಹಟ ಹಿಡಿದಿದ್ದಾರೆ.